ಹಗುರ ಕೋವಿಗೆ ಭಾರದ ಕಾರ್ಟ್ರಿಜ್ ಹಾಕಬಹುದಾ?

ಕಾಡಂಚಿನ ತೋಟದವರಿಗೆ ಹಂದಿ ಕಾಟ ಹೊಸದಲ್ಲ. ನಮ್ಮ ಮಲೆನಾಡಿನ ಕಡೆ ಲೈಸೆನ್ಸ್ ಇರುವ 12 ಬೋರ್ ಕೋವಿ ಸುಮಾರು ಮನೆಗಳಲ್ಲಿದೆ. ಎಷ್ಟೋ ಕೋವಿಗಳು ಅಜ್ಜನ ಕಾಲದವು, ಈಗ ಮೊಮ್ಮಕ್ಕಳ ಕೈಗೆ ಬರ್ತಿವೆ. ಹುಡುಗರು ನನ್ನನ್ನ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಮ್ಯಾಗ್ನಂ ಕಾರ್ಟ್ರಿಜ್ ಹಾಕಬಹುದಾ?" ನಾನು ಹೇಳೋದೂ ಒಂದೇ: ಮೊದಲು ಚೇಂಬರ್ ಅಳತೆ ನೋಡು, ಆಮೇಲೆ ಕೋವಿಯ ತೂಕ. ಕಾರ್ಟ್ರಿಜ್ ಆರಿಸೋದು ಕೊನೆಗೆ.

1. ಚೇಂಬರ್ ಉದ್ದ

12 ಬೋರ್ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಹಲವಕ್ಕೆ 65 ಮಿ.ಮೀ. ಚೇಂಬರ್, ಈಚಿನವಕ್ಕೆ ಸಾಮಾನ್ಯವಾಗಿ 70, ಮ್ಯಾಗ್ನಂಗೆ 76. ಕಾರ್ಟ್ರಿಜ್ ಡಬ್ಬಿ ಮೇಲೆ ಬರೆದಿರೋದು ಹಾರಿದ ಮೇಲೆ, ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾಗಾಗಿ ಬಾಯಿ ಮಡಚಿದ 76ರ ಕಾರ್ಟ್ರಿಜ್ 70ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತೆ. ಮೋಸ ಇರೋದೇ ಅಲ್ಲಿ. ಹಾರಿಸಿದಾಗ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಸೀಳಿದರೆ ಹೋಗೋದು ಎಡಗೈ ಬೆರಳು, ಕಣ್ಣು. ಅಳತೆ ನಳಿಗೆ ಮೇಲೆ ಕೊರೆದಿರುತ್ತೆ. ಕಾಣದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಅಳೆಸಿ. ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಇರುವ ಕಪ್ಪು ಮದ್ದಿನ ಕಾಲದ ಕೋವಿಗೆ ಈಗಿನ ಕಾರ್ಟ್ರಿಜ್ ಬೇಡವೇ ಬೇಡ.

2. 96ರ ಲೆಕ್ಕ

ಬರ್ಮಿಂಗ್‌ಹ್ಯಾಂನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ 19ನೇ ಶತಮಾನದಲ್ಲಿ ಕೊಟ್ಟ ಲೆಕ್ಕ ಇದು: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. ಖಾಲಿ ಕೋವಿಯನ್ನ ತಕ್ಕಡಿಗೆ ಹಾಕಿ, ಗ್ರಾಂ ಲೆಕ್ಕವನ್ನು 96ರಿಂದ ಭಾಗಿಸಿ.

- 2.7 ಕೆ.ಜಿ. ಕೋವಿಗೆ ಸುಮಾರು 28 ಗ್ರಾಂ ಚರೆ
- 3.1 ಕೆ.ಜಿ. ಕೋವಿಗೆ ಸುಮಾರು 32 ಗ್ರಾಂ
- 42 ಗ್ರಾಂ ಚರೆಗೆ 4 ಕೆ.ಜಿ. ಕೋವಿಯೇ ಬೇಕು

ಇದು ಒದೆತದ ಲೆಕ್ಕ ಮಾತ್ರ. ನಳಿಗೆ ತಾಳುತ್ತೋ ಇಲ್ಲವೋ ಅನ್ನೋದಕ್ಕೆ ಮೊದಲನೇ ಅಂಶವೇ ಆಧಾರ. ವೇಗ ಅಷ್ಟೇ ಇಟ್ಟು, 2.7 ಕೆ.ಜಿ. ಕೋವಿಯಲ್ಲಿ 28ರ ಬದಲು 42 ಗ್ರಾಂ ಹಾರಿಸಿದರೆ ಒದೆತದ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ. ಒಮ್ಮೆ ಭುಜಕ್ಕೆ ಹಾಗೆ ಬಿದ್ದರೆ ಮುಂದಿನ ಸಲ ಕುದುರೆ ಎಳೆಯೋ ಮೊದಲೇ ಕಣ್ಣು ಮುಚ್ಚುತ್ತೆ, ಕೈ ಅದುರುತ್ತೆ, ಗುರಿ ತಪ್ಪುತ್ತೆ. ಕತ್ತಲಲ್ಲಿ, ಪಕ್ಕದ ತೋಟದಲ್ಲೂ ಕಾವಲಿಗೆ ಜನ ಇರುವಾಗ, ಗುರಿ ತಪ್ಪಿದ ಈಡು ಯಾರ ಮೈಗೆ ಬೀಳುತ್ತೋ ಹೇಳೋಕಾಗಲ್ಲ.

3. ಭಾರ ಅಂದ್ರೆ ದೂರ ಅಲ್ಲ

ಭಾರದ ಕಾರ್ಟ್ರಿಜ್‌ನಲ್ಲಿ ಚರೆಯ ಸಂಖ್ಯೆ ಜಾಸ್ತಿ, ಅಷ್ಟೇ. ವೇಗ ಎಷ್ಟೋ ಸಲ ಕಡಿಮೆಯೇ ಇರುತ್ತೆ. ನಿಮ್ಮ ಕೋವಿಯ ಚರೆ ಹೇಗೆ ಹರಡುತ್ತೆ ಅಂತ ತಿಳಿಯಬೇಕಾದರೆ ಶೂಟಿಂಗ್ ರೇಂಜಿಗೆ ಹೋಗಿ, ದೊಡ್ಡ ಕಾಗದಕ್ಕೆ ಹೊಡೆದು ನೋಡಿ.

4. ಕಾನೂನು

ಲೈಸೆನ್ಸ್ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಅದನ್ನ ಸರಿಮಾಡಿಸಿ. ಬೆಳೆ ತಿಂದ ಹಂದಿ ಅಂತ ಹೊಡೆಯೋಕೆ ಕೋವಿ ಲೈಸೆನ್ಸ್ ಒಂದೇ ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಲಿಖಿತ ಅನುಮತಿ ಬೇಕು.

ಅಂಗಡಿಗೆ ಹೋಗುವ ಮೊದಲು ಮೊಬೈಲಿನಲ್ಲಿ ಎರಡು ಅಂಕಿ ಬರೆದುಕೊಳ್ಳಿ: ಚೇಂಬರ್ ಉದ್ದ, ಕೋವಿಯ ತೂಕ. ಈ ಎರಡಕ್ಕೂ ಹೊಂದದ ಕಾರ್ಟ್ರಿಜ್ ಪುಕ್ಕಟೆ ಕೊಟ್ಟರೂ ಬೇಡ.