ಅಗ್ಗದ ಸಮುದ್ರ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿನಲ್ಲಿ, ಎಂದರೆ ಪೂರ್ವಕ್ಕೆ ನಡೆದರೂ ಪಶ್ಚಿಮಕ್ಕೆ ನಡೆದರೂ ಕಡಲು ನೂರಾರು ಮೈಲಿ ದೂರವಾಗಿರುವ ಒಳನಾಡಿನಲ್ಲಿ, ಹುಟ್ಟಿ ಬೆಳೆದವರಿಗೆ ಸಮುದ್ರವೆಂಬುದು ಮೊದಲು ಪಠ್ಯಪುಸ್ತಕದಲ್ಲಿ, ಅನಂತರ ಸಿನಿಮಾದಲ್ಲಿ, ಈಚೀಚೆಗೆ ಮೊಬೈಲಿನಲ್ಲಿ ದೊರೆಯತಕ್ಕ ದೃಶ್ಯವೇ ಹೊರತು ಅನುಭವಕ್ಕೆ ಬಂದ ಪದಾರ್ಥವಲ್ಲ. ನಮ್ಮ ಮಕ್ಕಳು ಕಂಡ ಅತಿ ದೊಡ್ಡ ಜಲರಾಶಿಯೆಂದರೆ ಕಾರಂಜಾ ಜಲಾಶಯ. ಆದಕಾರಣ ಹೈದರಾಬಾದಿನಲ್ಲಿ ನೌಕರಿಗಿರುವ ಕಾಕಾನ ಹಿರಿಯ ಮಗನು, ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಕಡಲಂಚಿನ ರೆಸಾರ್ಟೊಂದು ಅರ್ಧ ದರಕ್ಕೆ ದೊರೆತಿದೆ, ಮೇ ಕಡೆಯ ವಾರ ಶಾಲೆ ತೆರೆಯುವುದರೊಳಗಾಗಿ ಮನೆಮಂದಿಯೆಲ್ಲ ಹೋಗಿಬರೋಣ ಎಂದು ತಿಳಿಸಿದಾಗ ಯಾರೂ ಎರಡನೆಯ ಮಾತಾಡಲಿಲ್ಲ. 2023ರ ನವೆಂಬರಿನಲ್ಲಿ ಆ ದೇಶವು ಭಾರತೀಯ ಪ್ರವಾಸಿಗಳಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ ಆ ತೊಡಕೂ ಉಳಿದಿರಲಿಲ್ಲ. ದರ ಅರ್ಧವಾದುದೇಕೆಂಬುದನ್ನು ಮಾತ್ರ ಮಾರಿದವರು ಹೇಳಲಿಲ್ಲ.

ಹೋಗಿ ಮುಟ್ಟಿದಾಗ ಕಂಡದ್ದು ಬೂದಿಬಣ್ಣದ ನೀರು, ಮೊರೆಯುವ ತೆರೆ, ಮರಳಿನ ಉದ್ದಕ್ಕೂ ನೆಟ್ಟ ಕೆಂಪು ಬಾವುಟಗಳು. ಸಮುದ್ರಾಭಿಮುಖವೆಂದು ವರ್ಣಿತವಾಗಿದ್ದ ಕೋಣೆಯಿಂದ ಸಮುದ್ರವನ್ನು ಕಾಣಬೇಕಾದರೆ ಬಾಲ್ಕನಿಯ ಎಡತುದಿಯಲ್ಲಿ ನಿಂತು, ಎದುರಿನ ಕಟ್ಟಡಕ್ಕೂ ನೀರಿನ ಟಾಕಿಗೂ ನಡುವೆ ಉಳಿದ ಸಂದಿನತ್ತ ಕತ್ತು ಚಾಚಬೇಕಾಗಿತ್ತು. ಹಾಸಿಗೆ ಪರದೆಗಳು ಮುಗ್ಗಲು ವಾಸನೆಯಿಂದ ಕೂಡಿದ್ದುವು. ಕಡಲಿನಿಂದ ಬಹಿಷ್ಕೃತರಾದ ಸಮಸ್ತ ಅತಿಥಿಗಳೂ ಏಕಕಾಲಕ್ಕೆ ಈಜುಕೊಳಕ್ಕೆ ಇಳಿದಿದ್ದರು. "ಮಳಿ ನೋಡ್ಲಿಕ್ಕೆ ಇಷ್ಟು ದೂರ ಬರಬೇಕಾಗಿತ್ತೇನು? ನಮ್ಮ ಅಂಗಳದಾಗೇ ಕುಂತು ನೋಡ್ತಿದ್ವಿ," ಎಂದಳು ಆಯಿ.

ಕೋಣೆಯ ವಿಷಯದಲ್ಲಿ ರೆಸಾರ್ಟಿನವರನ್ನು ಎಷ್ಟಾದರೂ ದೂರಬಹುದು, ಕಡಲಿನ ವಿಷಯದಲ್ಲಿ ದೂರುವುದು ನ್ಯಾಯವಲ್ಲ. ಫುಕೆಟಿನ ಪಟೋಂಗ್, ಕರೋನ್, ಕಾಟಾ ಎಂಬ ಹೆಸರಾಂತ ತೀರಗಳೆಲ್ಲ ಅಂಡಮಾನ್ ಸಮುದ್ರಕ್ಕೆ ಮುಖಮಾಡಿದ ಪಶ್ಚಿಮದಂಡೆಯವು. ಮೇ ತಿಂಗಳ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅವನ್ನು ಬಡಿಯತಕ್ಕದ್ದು ಪರದೇಶದ ಯಾವುದೋ ಗಾಳಿಯಲ್ಲ, ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟಿ, ಮಿರಗಾ ಮಳೆಯ ಹೊತ್ತಿಗೆ ನಮ್ಮ ಹೊಲಗಳನ್ನು ತಲುಪಿ, ತೊಗರಿ, ಉದ್ದು, ಹೆಸರು, ಸೋಯಾಬೀನ್‌ಗಳ ಬಿತ್ತನೆಗೆ ಅಪ್ಪಣೆ ಕೊಡುವ ಅದೇ ನೈರುತ್ಯ ಮಾರುತ. ಯಾವ ಮುಂಗಾರಿಗಾಗಿ ಕಾಕಾ ಊರಿನಲ್ಲಿ ಆಕಾಶ ನೋಡುತ್ತ ಕುಳಿತಿರುತ್ತಿದ್ದರೋ ಆ ಮುಂಗಾರು, ಅವರು ವಿಮಾನವೇರಿ ಹೋಗಿ ಇಳಿದಲ್ಲಿ, ಅವರಿಗಿಂತ ಮೊದಲೇ ಬಂದು ಬೀಡುಬಿಟ್ಟಿತ್ತು.

ಕೆಂಪು ಬಾವುಟದ ಕಾರಣವೂ ಸ್ಪಷ್ಟವೇ. ತೆರೆಗಳು ದಡಕ್ಕೆ ಎಸೆದ ನೀರು ಮರಳುದಿಬ್ಬಗಳ ನಡುವಣ ಕಾಲುವೆಯನ್ನು ಹಿಡಿದು ವೇಗವಾಗಿ ಕಡಲಿಗೆ ಹಿಂದಿರುಗುತ್ತದೆ. ಅಲೆಯೊಡೆಯದೆ ಪ್ರಶಾಂತವಾಗಿ ತೋರುವ ಆ ಜಾಗವೇ ಅಪಾಯದ್ದು. ಸೆಳವಿಗೆ ಸಿಕ್ಕವನು ದಡದ ಕಡೆಗೇ ಎದುರೀಜಿದರೆ ಬಳಲಿ ಮುಳುಗುತ್ತಾನೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಪಾರಾಗುತ್ತಾನೆ. ಇದನ್ನು ಮಕ್ಕಳಿಗೆ ಕೈಸನ್ನೆಯಿಂದಲೇ ತಿಳಿಸಿ ಮರಳಿನಿಂದ ಹಿಂದಕ್ಕೆ ಕಳಿಸಿದ ಕಾವಲುಗಾರನೊಬ್ಬನೇ ಆ ಪ್ರವಾಸದಲ್ಲಿ ನಮಗೆ ನಿಜ ಹೇಳಿದವನೆಂದು ನನ್ನ ಭಾವನೆ.

ಊಟದ ವಿಷಯ ಬೆಳೆಸುವಂತಿಲ್ಲ. ಸೊಪ್ಪಿನ ಪಲ್ಯಕ್ಕೂ ಮೀನಿನ ರಸವನ್ನು ಬೆರೆಸುವುದು ಅಲ್ಲಿಯ ಅಡಿಗೆಯ ಸಾಮಾನ್ಯ ಕ್ರಮ. ವೈನಿ ಚೀಲದಲ್ಲಿ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳೇ ಆಯಿಯ ವ್ರತವನ್ನು ಕಾಪಾಡಿದುವು. ಅದೇ ದ್ವೀಪದ ಚೀನೀ ಮೂಲದ ಜನ ವರ್ಷಕ್ಕೊಮ್ಮೆ ಒಂಬತ್ತು ದಿನ ಮಾಂಸವನ್ನಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳನ್ನೂ ತೊರೆದು ಉತ್ಸವ ನಡೆಸುತ್ತಾರಂತೆ. ಆ ಪಾಕಶಾಸ್ತ್ರಕ್ಕೆ ರೆಸಾರ್ಟಿನೊಳಗೆ ಪ್ರವೇಶವಿರಲಿಲ್ಲ.

ಹೇಳಿದ್ದೊಂದು ಕಂಡದ್ದೊಂದು ಎಂಬ ಯಾತ್ರಿಕನ ದೂರು ಬೀದರಿಗೆ ಹೊಸದಲ್ಲ. ಹಿಂದೊಮ್ಮೆ ಅದಕ್ಕೆ ಗುರಿಯಾದದ್ದು ಬೀದರವೇ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ, ಮಹಮೂದ್ ಗವಾನನು ಬಹಮನಿ ರಾಜ್ಯದ ಸೂತ್ರ ಹಿಡಿದಿದ್ದಾಗ, ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಚೌಲ್ ಬಂದರಿನಲ್ಲಿ ಇಳಿದು, ಜುನ್ನರಿನಲ್ಲಿ ಮಳೆಗೂ ಕೆಸರಿಗೂ ಸಿಕ್ಕಿ ತಂಗಿದ್ದು, ಮಾರುವುದಕ್ಕೆಂದು ತಂದ ಕುದುರೆಯೊಡನೆ ನಮ್ಮ ರಾಜಧಾನಿಗೆ ಬಂದನು; ತನ್ನ ನಾಡಿಗೆ ಬೇಕಾದ ಸರಕು ಇಲ್ಲಿ ಹೇರಳವೆಂದು ಜನ ಹೇಳಿದ್ದೆಲ್ಲ ಸುಳ್ಳು, ಅಗ್ಗವಾಗಿರುವುದು ಮೆಣಸು ಬಣ್ಣಗಳು ಮಾತ್ರ ಎಂಬುದಾಗಿ ಕಟುವಾಗಿಯೇ ಬರೆದಿಟ್ಟನು. ಆದರೆ ಆ ಕಾಲದ ನಾವಿಕರು ಮಾರುತದ ಗತಿಯನ್ನು ಅರಿಯದೆ ಹಾಯಿ ಬಿಚ್ಚುತ್ತಿರಲಿಲ್ಲ. ಕೆಲವೇ ತಾಸುಗಳಲ್ಲಿ ಕಡಲು ದಾಟಿಸುವ ವಿಮಾನವು ಆ ವಿಚಾರಣೆಯನ್ನೇ ಅನಾವಶ್ಯಕವೆಂಬಂತೆ ಮಾಡಿದೆ.

ಅದೇ ಮೇ ತಿಂಗಳಲ್ಲಿ ಅದೇ ದೇಶದ ಪೂರ್ವದ ಕೊಲ್ಲಿಯಲ್ಲಿರುವ ಸಮುಯ್ ದ್ವೀಪದ ನೀರು ಬಹುಮಟ್ಟಿಗೆ ಶಾಂತವಾಗಿರುತ್ತದೆ. ಅಲ್ಲಿಗೆ ದೊಡ್ಡ ಮಳೆ ಬರುವುದು ವರ್ಷದ ಕೊನೆಗೆ. ಫುಕೆಟಿನ ಕಡಲಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ಪ್ರಶಸ್ತಕಾಲ. ಜನಸಂದಣಿಯಿಂದ ಹವಳ ನಾಶವಾಯಿತೆಂದು 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದ, ಅದೇ ಕಡಲಿನ ಮಾಯಾ ಕೊಲ್ಲಿಗೆ ಈಗಲೂ ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ವಿಶ್ರಾಂತಿ ಕೊಡುತ್ತಾರೆ. ಸರಕಾರಕ್ಕೆ ಪಂಚಾಂಗವುಂಟು, ಪ್ರವಾಸ ಮಾರುವವನಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಚಿತ್ರ, ಅದೇ ನೀಲಿ ನೀರು.

ಊರಿಗೆ ಮರಳಿದ ಮೇಲೆ ಕಾಕಾ ಆ ಏಜೆಂಟನಿಗೆ ಫೋನು ಮಾಡಿದರು. ಹಣ ಹಿಂದಿರುಗಿಸಲು ಬರುವುದಿಲ್ಲ, ಬರುವ ಮೇ ತಿಂಗಳಿಗೆ ಇನ್ನಷ್ಟು ರಿಯಾಯಿತಿ ಕೊಡಬಹುದು ಎಂಬ ಉತ್ತರ ಬಂತು. ಕಾಕಾ ಬೀಜದ ಚೀಲದ ಮೇಲೆ ಕುಳಿತುಕೊಂಡೇ ಅಂದರು: "ಬರೋ ಮೇ ತಿಂಗಳಾಗ ನೀನೇ ಹೋಗಿ ಬಾರಪ್ಪಾ."