ಹೈದರ್ ಹೀರೋನಾ, ವಿಲನ್ನಾ? ದೇವನಹಳ್ಳಿ ಕೋಟೆಯಲ್ಲಿ ಒಂದು ಬೆಳಗ್ಗೆ

ವೀಕೆಂಡ್ ಬಂದರೆ ನಂದಿ ಬೆಟ್ಟಕ್ಕೆ ಬೈಕ್ ಓಡಿಸೋ ನಮ್ಮಂಥವರು ದೇವನಹಳ್ಳಿ ಕೋಟೆಯನ್ನು ನೋಡಿಯೂ ನೋಡದ ಹಾಗೆ ಹೋಗ್ತೀವಿ. ನಾನೂ ಅಷ್ಟೇ. ಕಳೆದ ತಿಂಗಳು ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹೈದರಾಲಿ ವಿಷಯಕ್ಕೆ ಜಗಳವಾಗಿ ಚಿಕ್ಕಪ್ಪ ಗ್ರೂಪನ್ನೇ ಬಿಟ್ಟರು. ಮುಂದಿನ ಭಾನುವಾರ ಬೈಕ್ ಕೋಟೆ ಮುಂದೆ ನಿಲ್ಲಿಸಿದೆ.

1749ರಲ್ಲಿ ಮೈಸೂರು ಸೇನೆ ಇಲ್ಲಿಗೆ ಮುತ್ತಿಗೆ ಹಾಕಿದಾಗ ಹೈದರ್ ಹೆಸರೇ ಇಲ್ಲದ ಸೈನಿಕ. ಇಲ್ಲಿ ತೋರಿದ ಧೈರ್ಯಕ್ಕೆ ಬಡ್ತಿ ಸಿಕ್ಕಿತು. ಹನ್ನೆರಡೇ ವರ್ಷದಲ್ಲಿ, 1761ಕ್ಕೆ, ರಾಜ್ಯವೇ ಅವನ ಕೈಯಲ್ಲಿ. ಇವತ್ತಿನ ಮಾತಲ್ಲಿ ಇದು ಮಿಲಿಟರಿ ಆಡಳಿತ. ಆದರೂ ಒಡೆಯರ್ ಸಿಂಹಾಸನ ಖಾಲಿಯಾಗಲಿಲ್ಲ. ಅದರಲ್ಲಿ ಯಾರು ಕೂರಬೇಕು ಅನ್ನೋದನ್ನು ಮಾತ್ರ ಹೈದರ್ ತೀರ್ಮಾನಿಸುತ್ತಿದ್ದ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಿಂದ ಪ್ರಕಟವಾದ ತನ್ನ ಇತಿಹಾಸದಲ್ಲಿ ಅವನನ್ನು ರಾಜ್ಯ ಕಿತ್ತುಕೊಂಡವನು ಎಂದೇ ಚಿತ್ರಿಸಿದ. ಇದರಲ್ಲಿ ಒಂದು ಲಾಭವೂ ಇತ್ತು. 1799ರಲ್ಲಿ ಟಿಪ್ಪುವನ್ನು ಸೋಲಿಸಿದ ಬ್ರಿಟಿಷರು ಪುಟ್ಟ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದರು. ಹೈದರ್ ಕಳ್ಳನಾದರೆ ತಾವು ಕದ್ದದ್ದನ್ನು ವಾಪಸ್ ಕೊಡಿಸಿದವರು! ಹೈದರ್‌ಗಿಂತ ಮೊದಲೇ ದಳವಾಯಿಗಳು ದೊರೆಯನ್ನು ಬೊಂಬೆ ಮಾಡಿಟ್ಟಿದ್ದರು ಅನ್ನೋದು ಆ ಕಥೆಯಲ್ಲಿ ಹಿಂದೆ ಸರಿಯಿತು.

ಸ್ವಾತಂತ್ರ್ಯ ಹೋರಾಟದ ಗಾಳಿ ಬೀಸಿದ ಮೇಲೆ ಅದೇ ಹೈದರ್ ಬ್ರಿಟಿಷರನ್ನು ನಡುಗಿಸಿದ ವೀರನಾದ. ಆಗ ಕೊಡಗು, ಮಲಬಾರಿನ ಜನರ ನೋವಿನ ನೆನಪು ಹಿಂದೆ ಸರಿಯಿತು.

1980ರ ದಶಕದಲ್ಲಿ ಬರ್ಟನ್ ಸ್ಟೈನ್ ಪ್ರಶ್ನೆಯನ್ನೇ ಬದಲಿಸಿದರು: ಅಷ್ಟು ದೊಡ್ಡ ಸೇನೆಗೆ ಸಂಬಳ ಎಲ್ಲಿಂದ ಬಂತು? ಪಾಳೇಗಾರರನ್ನು ಬದಿಗೆ ಸರಿಸಿ, ಸರ್ಕಾರವೇ ರೈತರಿಂದ ಕಂದಾಯ ಎತ್ತುವ ವ್ಯವಸ್ಥೆ ಬೆಳೆದದ್ದು ಹಾಗೆ. 1997ರಲ್ಲಿ ಕೇಟ್ ಬ್ರಿಟಲ್‌ಬ್ಯಾಂಕ್ ಟಿಪ್ಪು ಕುರಿತು ಇನ್ನೊಂದು ಪ್ರಶ್ನೆ ಎತ್ತಿದರು: ರಾಜವಂಶದವನಲ್ಲದವನನ್ನು ಜನ ದೊರೆ ಅಂತ ಹೇಗೆ ಒಪ್ಪಿಕೊಂಡರು? ಹೈದರ್‌ನ ಚಿನ್ನದ ನಾಣ್ಯದಲ್ಲಿ ಒಂದು ಸುಳಿವಿದೆ. ಒಂದು ಕಡೆ ಶಿವ-ಪಾರ್ವತಿ, ಇನ್ನೊಂದು ಕಡೆ ಅವನ ಹೆಸರಿನ ಮೊದಲಕ್ಷರ.

ಒಬ್ಬನೇ ಮನುಷ್ಯ, ಪ್ರಶ್ನೆ ಬದಲಾದಾಗೆಲ್ಲ ಬೇರೆಯಾಗಿ ಕಾಣಿಸಿದ. 'ಹೀರೋನಾ, ವಿಲನ್ನಾ' ಅಂತ ಕೇಳಿದರೆ ಬರುವ ಉತ್ತರ ಎರಡೇ, ಜಗಳವೂ ಗ್ಯಾರಂಟಿ.

ಕೋಟೆ ಫೋಟೊ ತೆಗೆದು ಚಿಕ್ಕಪ್ಪನಿಗೆ ಕಳಿಸಿ ಕೇಳಿದೆ: "ಆಗ ನಮ್ಮೂರ ಹೊಲಕ್ಕೆ ಕಂದಾಯ ಎಷ್ಟಿತ್ತು, ಯಾರು ವಸೂಲಿ ಮಾಡ್ತಿದ್ರು?"

ಎರಡು ದಿನ ಬಿಟ್ಟು ಉತ್ತರ ಬಂತು: "ಅದು ಗೊತ್ತಿಲ್ಲ ಕಣೋ. ಹುಡುಕೋಣ."