ಕರ್ನಾಟಕದ ಅಬಕಾರಿ ನಿಯಮಗಳು ಮತ್ತು ಸಣ್ಣ ಮದ್ಯದಂಗಡಿಗಳು

ಕರ್ನಾಟಕದ ಚಿಲ್ಲರೆ ಮದ್ಯದಂಗಡಿಗಳು 1965ರ ಕರ್ನಾಟಕ ಅಬಕಾರಿ ಕಾಯ್ದೆ ಹಾಗೂ ಅದರಡಿ ರಚಿತವಾದ ನಿಯಮಗಳಿಗೆ ಒಳಪಟ್ಟಿವೆ. ಜನರು 'ವೈನ್ ಶಾಪ್' ಎಂದು ಕರೆಯುವ ಅಂಗಡಿ ಇಲಾಖೆಯ ದಾಖಲೆಯಲ್ಲಿ ಸಿಎಲ್-2 ಸನ್ನದು. ಇಲ್ಲಿ ಮದ್ಯವನ್ನು ಮಾರಬಹುದೇ ಹೊರತು ಅಲ್ಲಿಯೇ ಕುಡಿಯಲು ಅವಕಾಶ ನೀಡುವಂತಿಲ್ಲ. ಬಾರ್‌ಗಳಿಗೆ ಸಿಎಲ್-9 ಮತ್ತು ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳಿಗೆ ಸಿಎಲ್-11ಸಿ ಸನ್ನದು ನೀಡಲಾಗುತ್ತದೆ. ಸನ್ನದಿನ ಅವಧಿ ಜುಲೈ 1ರಿಂದ ಜೂನ್ 30ರವರೆಗೆ.

== ಸಾರಾಯಿ ನಿಷೇಧ ==
2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು. ಅದುವರೆಗೆ ಗುತ್ತಿಗೆದಾರರು ಹರಾಜಿನಲ್ಲಿ ಹಕ್ಕು ಪಡೆದು, ಹಳ್ಳಿಗಳ ಅಂಗಡಿಗಳ ಮೂಲಕ ಪ್ಯಾಕೆಟ್ ಸಾರಾಯಿ ಮಾರುತ್ತಿದ್ದರು. ಆ ಅಂಗಡಿಗಳು ಒಂದೇ ದಿನ ಕಾನೂನಿನ ಹೊರಗಾದವು. ಕುಡಿಯುವವರು ಅಗ್ಗದ ಭಾರತೀಯ ತಯಾರಿಕೆಯ ಮದ್ಯದ ಕಡೆಗೆ ತಿರುಗಿದ್ದರಿಂದ ಸಿಎಲ್-2 ಅಂಗಡಿಗಳಿಗೆ ಹೊಸ ಗಿರಾಕಿಗಳು ದೊರೆತರು. ಹೊಸ ಖಾಸಗಿ ಸಿಎಲ್-2 ಸನ್ನದುಗಳ ಮಂಜೂರಾತಿ 1990ರ ದಶಕದಿಂದಲೇ ನಿಂತಿದ್ದ ಕಾರಣ, ಹಳೆಯ ಸನ್ನದು ಕೈಯಲ್ಲಿದ್ದುದೇ ಒಂದು ಆಸ್ತಿಯಾಯಿತು. ಸನ್ನದು ಅಂಗಡಿಯಿಲ್ಲದ ಊರುಗಳಲ್ಲಿ ಕಿರಾಣಿ ಅಂಗಡಿ, ಧಾಬಾಗಳಲ್ಲಿ ನಡೆಯುವ ಅಕ್ರಮ ಮಾರಾಟ ಈ ನಿಷೇಧದ ಮತ್ತೊಂದು ಮುಖ.

== ಹೆದ್ದಾರಿ ತೀರ್ಪು ==
2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಇರಕೂಡದೆಂದು ಆದೇಶಿಸಿತು. 2017ರ ಮಾರ್ಚ್ 31ರ ಮಾರ್ಪಾಡಿನಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಈ ಅಂತರ 220 ಮೀಟರ್‌ಗೆ ಇಳಿಯಿತು. ಅದೇ ಜುಲೈನಲ್ಲಿ ನಗರಸಭೆ, ಪುರಸಭೆಗಳ ವ್ಯಾಪ್ತಿಯ ಅಂಗಡಿಗಳಿಗೆ ಆದೇಶ ಅಡ್ಡಿಯಾಗದೆಂಬ ಸ್ಪಷ್ಟನೆ ಬಂದಿತು. ಪಂಚಾಯಿತಿ ಪ್ರದೇಶಗಳ ವಿಷಯವನ್ನು ರಾಜ್ಯ ಸರ್ಕಾರಗಳ ವಿವೇಚನೆಗೆ ಬಿಟ್ಟದ್ದು 2018ರ ಫೆಬ್ರವರಿಯಲ್ಲಿ.

ಪಟ್ಟಣ ಮತ್ತು ಹಳ್ಳಿಯ ನಡುವಿನ ಈ ಏಳು ತಿಂಗಳ ಅಂತರವೇ ಸಣ್ಣ ಅಂಗಡಿಗಳಿಗೆ ಮುಖ್ಯವಾದುದು. ಯಾದಗಿರಿ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 150ಎ ಶಹಾಪುರ, ಸುರಪುರಗಳನ್ನು ಹಾದು ತಿಂಥಣಿಯ ಬಳಿ ಕೃಷ್ಣಾ ನದಿಯನ್ನು ದಾಟುತ್ತದೆ. ಶಹಾಪುರ, ಸುರಪುರಗಳಲ್ಲಿ ನಗರಾಡಳಿತವಿದೆ, ತಿಂಥಣಿ ಗ್ರಾಮ. ಹೀಗೆ ಒಂದೇ ರಸ್ತೆಯ ಮೇಲಿನ ಊರುಗಳಿಗೂ ನಿಯಮ ಬೇರೆ ಬೇರೆ ಬಗೆಯಲ್ಲಿ ಅನ್ವಯಿಸಿತು. ಅಂಗಡಿ ಸ್ಥಳಾಂತರಿಸಬೇಕಾದಾಗಲೂ ಸಣ್ಣ ಊರಿನಲ್ಲಿ ಜಾಗ ಸುಲಭವಾಗಿ ಸಿಗುವುದಿಲ್ಲ: ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕೆಂಬ ರಾಜ್ಯದ ಹಳೆಯ ನಿಯಮವೂ ಇದೆ. ಮೌನೇಶ್ವರರ ಕ್ಷೇತ್ರವಾದ ತಿಂಥಣಿಯಂತಹ ಊರುಗಳಲ್ಲಿ ಇದರ ತೂಕ ಹೆಚ್ಚು.

== ತೆರಿಗೆ ಮತ್ತು ಬಂಡವಾಳ ==
2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದಿಂದಲೇ ಅಂಗಡಿಗಳು ಹಣ ಕಟ್ಟಿ ಮದ್ಯ ಖರೀದಿಸಬೇಕು. ಮಾರಾಟದ ಬೆಲೆ ಬಾಟಲಿಯ ಮೇಲೆಯೇ ಮುದ್ರಿತವಾಗಿರುತ್ತದೆ. ಆದ್ದರಿಂದ ಸುಂಕ ಏರಿದಾಗ ಅಷ್ಟೇ ಪೆಟ್ಟಿಗೆಗಳಿಗೆ ಹೆಚ್ಚು ಬಂಡವಾಳ ಬೇಕಾಗುತ್ತದೆ, ಗಿರಾಕಿ ಇನ್ನೂ ಅಗ್ಗದ ಬ್ರಾಂಡ್‌ಗೆ ಇಳಿಯುತ್ತಾನೆ. 2023ರ ಜುಲೈ ಬಜೆಟ್‌ನಲ್ಲಿ ಭಾರತೀಯ ತಯಾರಿಕೆಯ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಲಾಯಿತು. ಮಾರಾಟಗಾರರ ಸಂಘಗಳು ಲಾಭಾಂಶ ಹೆಚ್ಚಿಸುವಂತೆ ಕೇಳುತ್ತ ಬಂದಿವೆ.

ನಿಯಮ ಸಣ್ಣ ಅಂಗಡಿಗೆ ಅನುಕೂಲವಾದ ಪ್ರಸಂಗವೂ ಉಂಟು. ಕೊರೊನಾ ಲಾಕ್‌ಡೌನ್ ನಂತರ 2020ರ ಮೇ 4ರಂದು ಮಾರಾಟ ಪುನರಾರಂಭಗೊಂಡಾಗ ಸಿಎಲ್-2 ಮತ್ತು ಎಂಎಸ್‌ಐಎಲ್ ಮಳಿಗೆಗಳಿಗೆ ಮಾತ್ರ ಅನುಮತಿಯಿತ್ತು, ಬಾರ್‌ಗಳು ಮುಚ್ಚಿದ್ದವು.

== ಮಹಿಳೆಯರ ವಿರೋಧ ==
ಅಂಗಡಿ ಮುಚ್ಚಬೇಕೆಂಬ ಒತ್ತಾಯ ಹಳ್ಳಿಗಳಲ್ಲಿ ಹೆಚ್ಚಾಗಿ ಮಹಿಳೆಯರಿಂದಲೇ ಬಂದಿದೆ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಸಂಪೂರ್ಣ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು. ಹಳ್ಳಿಗಳ ಅಕ್ರಮ ಮಾರಾಟವೂ ಅವರ ದೂರಾಗಿತ್ತು. ಸನ್ನದುದಾರರೂ ಇದೇ ದೂರನ್ನು ತಮ್ಮ ಕಾರಣಕ್ಕೆ ಹೇಳುತ್ತಾರೆ. ಆದರೆ ಕಿರಾಣಿ ಅಂಗಡಿಯಲ್ಲಿ ಮಾರಾಟವಾಗುವ ಬಾಟಲಿಯೂ ಬಹುತೇಕ ಯಾವುದೋ ಸನ್ನದು ಅಂಗಡಿಯಿಂದಲೇ ಹೊರಬಿದ್ದಿರುತ್ತದೆ.